ಚಂಡಮಾರುತದ ಕಾಲಕ್ಕೆ ಮನೆ ಹೇಗೆ ತಯಾರು ಮಾಡಿಕೊಳ್ಳಬೇಕು? ಅತ್ತೆ ಮನೆ ಬಿಟ್ಟು ಬರಲ್ಲ ಅನ್ನುತ್ತಾರೆ

ಮಾಜಾಳಿ ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನ ತವರು ಶಿರಸಿ. ಮದುವೆಯಾಗಿ ಬಂದದ್ದು ಕಾರವಾರದ ಹತ್ತಿರ ಮಾಜಾಳಿಗೆ. ಮನೆಯಿಂದ ಸಮುದ್ರಕ್ಕೆ ಇನ್ನೂರು ಮೀಟರ್ ಇರಬಹುದು, ನಡುವೆ ಸ್ವಲ್ಪ ತೆಂಗಿನ ತೋಟ, ಆಮೇಲೆ ಗಾಳಿ ಮರಗಳು, ಆಮೇಲೆ ಮರಳು. ಹಂಚಿನ ಮನೆ, ಮಾವ ಇದ್ದಾಗ ಕಟ್ಟಿಸಿದ್ದು. ಮುಂದಿನ ಜಗುಲಿಗೆ ಮಾತ್ರ ತಗಡಿನ ಶೀಟ್ ಹಾಕಿದ್ದೇವೆ. ಮನೆಯವರು ಗೋವಾದಲ್ಲಿ ಕೆಲಸ ಮಾಡುತ್ತಾರೆ, ಭಾನುವಾರ ಬರುತ್ತಾರೆ. ವಾರದ ದಿನ ಮನೆಯಲ್ಲಿ ಇರುವುದು ನಾನು, ಅತ್ತೆ, ಶಾಲೆಗೆ ಹೋಗುವ ಮಗಳು, ಎರಡು ವರ್ಷದ ಮಗ, ಕೊಟ್ಟಿಗೆಯಲ್ಲಿ ಒಂದು ದನ ಮತ್ತು ಕರು.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಾನು ಇಲ್ಲಿರಲಿಲ್ಲ, ಮಗಳು ಹುಟ್ಟಿದಾಗಿನ ಬಾಣಂತನಕ್ಕೆ ಶಿರಸಿಯಲ್ಲಿದ್ದೆ. ವಾಪಸ್ ಬಂದು ನೋಡಿದರೆ ಜಗುಲಿಯ ಒಂದು ಶೀಟ್ ಪಕ್ಕದ ಮನೆಯ ಬಾವಿ ಕಟ್ಟೆಗೆ ಹೋಗಿ ಬಿದ್ದಿತ್ತು. ಅದು ಹಾರುವಾಗ ಕಂಬಕ್ಕೆ ತಾಗಿ ಕೊರೆದ ಗೀರು ಇನ್ನೂ ಹಾಗೇ ಇದೆ, ಬಾಗಿಲು ತೆಗೆದರೆ ಮೊದಲು ಕಾಣುವುದೇ ಅದು. ಅತ್ತೆ ಆವತ್ತು ರಾತ್ರಿ ಒಬ್ಬರೇ ದೇವರ ಕೋಣೆಯಲ್ಲಿ ಕೂತಿದ್ದರಂತೆ.

ಅತ್ತೆಗೆ 74 ವರ್ಷ. ಮಂಡಿ ನೋವು, ದಿನಕ್ಕೆ ಎರಡು ಸಲ ಇನ್ಸುಲಿನ್. ಈ ಸಲ ಏನಾದರೂ ಎಚ್ಚರಿಕೆ ಬಂದರೆ ಎಲ್ಲರೂ ಶಿರಸಿಗೆ ಹೋಗೋಣ ಅಂದೆ. "ಸಮುದ್ರ ಇಷ್ಟು ವರ್ಷದಲ್ಲಿ ನನ್ನ ಹೊಸ್ತಿಲು ದಾಟಿಲ್ಲ, ನೀನು ಮಕ್ಕಳನ್ನು ಕರೆದುಕೊಂಡು ಹೋಗು, ನಾನು ದನ ನೋಡಿಕೊಂಡು ಇರುತ್ತೇನೆ" ಅಂದರು. ಅವರನ್ನು ಬಿಟ್ಟು ನಾನು ಎಲ್ಲಿಗೆ ಹೋಗಲಿ?

ಮನೆಗೆ ಏನು ಮಾಡಿಸಬೇಕು, ಯಾವಾಗ ಹೊರಡಬೇಕು, ಅತ್ತೆಗೆ ಹೇಗೆ ಹೇಳಬೇಕು, ಕಂಡವರು ತಿಳಿಸಿ. ಈಗ ಏಪ್ರಿಲ್ ಅರ್ಧ ಮುಗಿದಿದೆ.

ಬೈತಖೋಲ ಬೋಟು:

ತಂಗಿ, ಈಗಲೇ ಕೇಳಿದ್ದು ಒಳ್ಳೆಯದಾಯ್ತು. ನಾನು ಮೀನುಗಾರಿಕೆಯವನು, ಹಾಗಾಗಿ ಸಮುದ್ರದ ಕಡೆಯದ್ದು ಹೇಳುತ್ತೇನೆ, ಮನೆ ಕಡೆಯದ್ದು ಬೇರೆಯವರು ಹೇಳಲಿ.

ನಮ್ಮ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದು ಜಾಸ್ತಿ ಎರಡು ಹೊತ್ತಿನಲ್ಲಿ. ಮಳೆಗಾಲ ಹಿಡಿಯುವ ಮುಂಚೆ ಮೇ-ಜೂನ್, ಮಳೆಗಾಲ ಬಿಟ್ಟ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್. ತೌಕ್ತೆ ಮೇಯಲ್ಲಿ, 2023ರ ಬಿಪರ್‌ಜಾಯ್ ಜೂನ್‌ನಲ್ಲಿ, 2019ರ ಕ್ಯಾರ್ ಅಕ್ಟೋಬರ್‌ನಲ್ಲಿ, 2009ರ ಫ್ಯಾನ್ ನವೆಂಬರ್‌ನಲ್ಲಿ. ಅಂದರೆ ಮೇ ದಾಟಿತು ಅಂತ ಕಟ್ಟಿದ ಹಗ್ಗ ಬಿಚ್ಚಿಡಬೇಡಿ, ದೀಪಾವಳಿ ಹೊತ್ತಿಗೆ ಮತ್ತೆ ಒಂದು ಸಲ ಎಲ್ಲ ನೋಡಬೇಕು.

ಜನ ತಪ್ಪುವುದು ಎಲ್ಲಿ ಗೊತ್ತಾ? ಟಿವಿಯಲ್ಲಿ "ಗುಜರಾತಿಗೆ ಅಪ್ಪಳಿಸಲಿದೆ" ಅಂತ ಬರುತ್ತದೆ, ಇಲ್ಲಿಯವರು ನಮಗಲ್ಲ ಬಿಡು ಅಂದುಕೊಳ್ಳುತ್ತಾರೆ. ತೌಕ್ತೆ ಗುಜರಾತಿನಲ್ಲಿ ದಡ ಹತ್ತಿದ್ದು ಮೇ 17ಕ್ಕೆ. ನಮ್ಮ ಎದುರಿನಿಂದ ದಾಟಿದ್ದು 15-16ಕ್ಕೆ, ನಮಗೆ ಹೊಡೆತ ಬಿದ್ದದ್ದು ಆವಾಗಲೇ. ಕ್ಯಾರ್ ಅಂತೂ ನಮ್ಮ ದಡ ಮುಟ್ಟಲೇ ಇಲ್ಲ, ಪಶ್ಚಿಮಕ್ಕೆ ಹೋಗಿ ಸಮುದ್ರದಲ್ಲೇ ಕರಗಿತು. ಆದರೂ ಅದರ ಅಲೆಗೆ ಹೆದರಿ ಬೇರೆ ರಾಜ್ಯದ ಬೋಟುಗಳೂ ಕಾರವಾರ ಬಂದರಿಗೆ ಬಂದು ನಿಂತಿದ್ದವು. ಹಾಗಾಗಿ ಅದು ಎಲ್ಲಿ ದಡ ಹತ್ತುತ್ತದೆ ಅಂತ ನೋಡಬೇಡಿ, ನಮ್ಮ ಎದುರಿನಿಂದ ಯಾವತ್ತು ದಾಟುತ್ತದೆ ಅಂತ ನೋಡಿ.

ಇನ್ನೊಂದು, ಗಾಳಿ ತಿರುಗುವುದು. ಚಂಡಮಾರುತ ನಮ್ಮ ಪಶ್ಚಿಮದಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹೋಗುವಾಗ ಮೊದಲು ಗಾಳಿ ಘಟ್ಟದ ಕಡೆಯಿಂದ ಬೀಸುತ್ತದೆ. ಆಮೇಲೆ ತೆಂಕಣಕ್ಕೆ ತಿರುಗುತ್ತದೆ. ಕೊನೆಗೆ ನೈಋತ್ಯಕ್ಕೆ ಬಂದಾಗ ಸೀದಾ ಸಮುದ್ರದಿಂದ ಮನೆ ಮೇಲೆ ಬರುತ್ತದೆ, ಅಲೆಯೂ ಅದರ ಜೊತೆಗೇ. ನಡುವೆ ಸ್ವಲ್ಪ ಹೊತ್ತು ತಗ್ಗಿದ ಹಾಗೆ ಅನಿಸಬಹುದು. ಆಗ ಮುಗಿಯಿತು ಅಂತ ಹೊರಗೆ ಹೋಗಿ ಹಾರಿದ ಶೀಟ್ ಎತ್ತಿ ತರುವುದು, ಬಿದ್ದ ಕಾಯಿ ಹೆಕ್ಕುವುದು ಮಾಡಬೇಡಿ. ನಿಮ್ಮ ಜಗುಲಿ ಸಮುದ್ರಕ್ಕೆ ಮುಖ ಮಾಡಿದ್ದರೆ ಕೊನೆಯ ಹೊಡೆತ ಬೀಳುವುದು ಅದಕ್ಕೇ.

ಹವಾಮಾನ ಇಲಾಖೆಯವರು ಚಂಡಮಾರುತದ ಅಲರ್ಟ್ ಕೊಡುವುದು ಕೆಟ್ಟ ಹವೆ ಶುರುವಾಗುವ 48 ತಾಸು ಮುಂಚೆ, ವಾರ್ನಿಂಗ್ ಕೊಡುವುದು 24 ತಾಸು ಮುಂಚೆ. ನಾವು ಬೋಟಿನವರು 48ರದ್ದಕ್ಕೇ ವಾಪಸ್ ತಿರುಗುತ್ತೇವೆ. ಮುದುಕರು, ಮಕ್ಕಳು ಇರುವ ಮನೆಯೂ ಆ 48ರದ್ದಕ್ಕೇ ಹೊರಡಬೇಕು ಅಂತ ನನ್ನ ಅಭಿಪ್ರಾಯ.

ಕುಮಟಾ ಬಡಗಿ:

ಹಂಚಿನ ಮಾಡಿನ ಕೆಲಸ ನನ್ನದು. ನಿಮ್ಮ ಜಗುಲಿ ಶೀಟ್ ಯಾಕೆ ಹಾರಿತು ಅಂತ ಹೇಳುತ್ತೇನೆ. ಗಾಳಿ ಮಾಡನ್ನು ಮೇಲಿನಿಂದ ಒತ್ತುವುದಿಲ್ಲ, ಕೆಳಗಿನಿಂದ ಎತ್ತುತ್ತದೆ. ಜಗುಲಿ ಮೂರು ಕಡೆ ಬಯಲು, ಗಾಳಿ ಒಳಗೆ ನುಗ್ಗಿ ಹೊರಗೆ ಹೋಗಲು ಜಾಗ ಇಲ್ಲದೆ ಶೀಟನ್ನು ಎತ್ತಿ ಬಿಸಾಡುತ್ತದೆ. ಮೇಲೆ ಕಲ್ಲು, ಮರಳಿನ ಚೀಲ ಇಟ್ಟರೆ ಸಾಲುವುದಿಲ್ಲ. ಹಾರುವಾಗ ಆ ಕಲ್ಲು ಯಾರ ತಲೆಗೆ ಬೀಳುತ್ತದೋ ಗೊತ್ತಿಲ್ಲ, ದಯವಿಟ್ಟು ಇಡಬೇಡಿ. ಶೀಟನ್ನು ಕಬ್ಬಿಣದ ಪೈಪಿಗೆ ಕೊಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಅಂಚಿನಲ್ಲಿ ಮತ್ತು ಮೂಲೆಗಳಲ್ಲಿ ಬೋಲ್ಟ್ ಹತ್ತಿರ ಹತ್ತಿರ ಬೇಕು, ಅಲ್ಲೇ ಮೊದಲು ಬಿಡುವುದು. ಹಳೆ ಬೋಲ್ಟುಗಳನ್ನು ಕೈಯಿಂದ ತಿರುಗಿಸಿ ನೋಡಿ. ಉಪ್ಪು ಗಾಳಿಗೆ ತುಕ್ಕು ಹಿಡಿದು ಒಳಗೆ ಸೂಜಿಯ ಹಾಗೆ ಆಗಿರುತ್ತವೆ, ಮೇಲಿನ ತಲೆ ಮಾತ್ರ ದಪ್ಪ ಕಾಣುತ್ತದೆ.

ಮೇ ಹತ್ತರ ಒಳಗೆ ಆ ಕೆಲಸ ಆಗದಿದ್ದರೆ ಎಚ್ಚರಿಕೆ ಬಂದ ದಿನ ಶೀಟ್ ಬಿಚ್ಚಿ ಕೆಳಗೆ ಇಟ್ಟು ಹಗ್ಗ ಬಿಗಿದುಬಿಡಿ. ಜಗುಲಿ ನೆನೆಯುತ್ತದೆ, ನೆನೆಯಲಿ. ಒಂದು ಶೀಟ್ ಬೇರೆಯವರ ಮನೆಗೆ ಹೋಗಿ ಬಿದ್ದರೆ ಏನಾಗಬಹುದು ಅಂತ ನಿಮಗೇ ಗೊತ್ತಲ್ವಾ.

ಹಂಚಿಗೆ ಬಂದರೆ ಸೂರಿನ ಕೆಳಗಿನ ಎರಡು ಸಾಲು ಮತ್ತು ನೆತ್ತಿಯ ಸಾಲು ಮುಖ್ಯ. ಮಂಗಳೂರು ಹಂಚಿನ ಕೆಳಮುಖದಲ್ಲಿ ಒಂದು ಸಣ್ಣ ಕಿವಿ ಇರುತ್ತದೆ, ಅದರಲ್ಲಿ ತೂತು ಇರುತ್ತದೆ. ಅದು ತಂತಿ ಹಾಕಿ ರೀಪಿಗೆ, ಅಂದರೆ ಹಂಚು ಕೂರುವ ಅಡ್ಡಪಟ್ಟಿಗೆ, ಕಟ್ಟಲಿಕ್ಕೇ ಇರುವುದು. ಕಟ್ಟುವವರೇ ಕಡಿಮೆ, ಸುಮ್ನೆ ಜೋಡಿಸಿ ಹೋಗುತ್ತಾರೆ. ಸೂರಿನ ಸಾಲು ಕಟ್ಟಿದರೆ ಗಾಳಿಗೆ ಮೊದಲ ಹಂಚು ಏಳುವುದಿಲ್ಲ, ಮೊದಲನೆಯದು ಏಳದಿದ್ದರೆ ಮೇಲಿನವು ಅದರ ಭಾರಕ್ಕೇ ನಿಲ್ಲುತ್ತವೆ. ನೆತ್ತಿಯ ಹಂಚಿನ ಗಾರೆ ಬಿರುಕು ಬಿಟ್ಟಿದ್ದರೆ ಈಗಲೇ ಹೊಸದಾಗಿ ಹಾಕಿಸಿ. ಪಕಾಸಿಗೆ, ಅಂದರೆ ಮಾಡಿನ ಇಳಿಜಾರು ಮರಗಳಿಗೆ, ಗೆದ್ದಲು ಹತ್ತಿದೆಯಾ ಅಂತ ಚಾಕು ಚುಚ್ಚಿ ನೋಡಿ, ಗೋಡೆ ಮೇಲೆ ಕೂರುವ ತುದಿಯಲ್ಲಿ ಮುಖ್ಯವಾಗಿ. ಮೂವತ್ತು ನಲವತ್ತು ಹಂಚು ಹೆಚ್ಚಿಗೆ ತಂದು ಹಿತ್ತಲಲ್ಲಿ ಇಟ್ಟಿರಿ. ಗಾಳಿ ಬಂದು ಹೋದ ಮರುದಿನ ಊರಿಗೆ ಊರೇ ಹಂಚು ಹುಡುಕುತ್ತದೆ, ಆಗ ಸಿಗುವುದಿಲ್ಲ.

ತೆಂಗಿನ ಮರದ ಒಣ ಮಡಲು ಮತ್ತು ಬಲಿತ ಕಾಯಿ ಇಳಿಸಿಬಿಡಿ. ಮರವನ್ನೇ ಕಡಿಯಬೇಕಾಗಿಲ್ಲ, ತೆಂಗು ಬಗ್ಗಿ ಏಳುತ್ತದೆ. ಮನೆ ಮೇಲೆ ವಾಲಿದ್ದು, ಬುಡ ಟೊಳ್ಳಾದದ್ದು ಇದ್ದರೆ ಮಾತ್ರ ತೆಗೆಸಿ. ಕರೆಂಟ್ ತಂತಿಗೆ ತಾಗುವ ಟೊಂಗೆ ಇದ್ದರೆ ನೀವು ಮುಟ್ಟಬೇಡಿ, ಲೈನ್‌ಮನ್‌ಗೆ ಹೇಳಿ. ಕರೆಂಟಿನವರ ಸಹಾಯವಾಣಿ 1912.

ಮಾಜಾಳಿ ಸೊಸೆ:

ಬಡಗಿ ಅಣ್ಣ, ಇವತ್ತು ಸಂಜೆ ಏಣಿ ಹಾಕಿ ನೋಡಿದೆ. ನೀವು ಹೇಳಿದ ಹಾಗೇ ಇದೆ. ಎಂಟು ಬೋಲ್ಟ್‌ನಲ್ಲಿ ಮೂರು ಕೈಯಲ್ಲೇ ಮುರಿದು ಬಂದವು. ಹಂಚಿಗೆ ಒಂದಕ್ಕೂ ತಂತಿ ಇಲ್ಲ.

ಬೋಟಿನ ಅಣ್ಣ, ಗಾಳಿ ತಿರುಗುವ ವಿಷಯ ಅತ್ತೆಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಆವತ್ತೂ ಹಾಗೇ ಆಯ್ತು, ನಿಂತಿತು ಅಂತ ಬಾಗಿಲು ತೆಗೆದಿದ್ದೆ" ಅಂದರು. ಇಷ್ಟು ವರ್ಷ ಈ ಮಾತು ಯಾರಿಗೂ ಹೇಳಿರಲಿಲ್ಲ.

ನರ್ಸಕ್ಕ:

ಅತ್ತೆಯವರ ಬಗ್ಗೆ ನಾನು ಹೇಳುತ್ತೇನೆ. ಗಾಳಿ ಒಂದು ರಾತ್ರಿಯದ್ದು, ಆದರೆ ಕರೆಂಟ್ ನಾಲ್ಕು ದಿನ ಬರದೇ ಹೋಗಬಹುದು. ಬಿಪಿ, ಶುಗರ್ ಇರುವವರಿಗೆ ತೊಂದರೆ ಆಗುವುದು ಆ ನಾಲ್ಕು ದಿನದಲ್ಲಿ. ಗಾಳಿಯ ದಿನ ಆಸ್ಪತ್ರೆಗೆ ಬರುವವರಿಗಿಂತ ಮೂರನೇ ದಿನ ಮಾತ್ರೆ ಮುಗಿದು ಬರುವವರನ್ನು ನಾನು ಜಾಸ್ತಿ ನೋಡಿದ್ದೇನೆ.

ಇನ್ಸುಲಿನ್ ಒಂದು ತಿಂಗಳಿಗೆ ಆಗುವಷ್ಟು ಮುಂಚೆಯೇ ತೆಗೆದಿಡಿ, ಸಿರಿಂಜೂ ಸೇರಿಸಿ. ಈಗ ಬಳಸುತ್ತಿರುವ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಫ್ರಿಜ್ ಇಲ್ಲದೆಯೂ ಇರುತ್ತದೆ, ಆದರೆ 30 ಡಿಗ್ರಿಗಿಂತ ಬಿಸಿ ಆಗಬಾರದು. ನಮ್ಮ ಕರಾವಳಿಯ ಮೇ ತಿಂಗಳು ನಿಮಗೆ ಗೊತ್ತಲ್ವಾ, ಹೊರಗೆ ಇಟ್ಟರೆ ಆಗುವುದಿಲ್ಲ. ಒಂದು ಅಗಲ ಬಾಯಿಯ ಮಣ್ಣಿನ ಮಡಕೆಯಲ್ಲಿ ಮರಳು ತುಂಬಿ ನೀರು ಹಾಕಿ. ನಡುವೆ ಚಿಕ್ಕ ಮಡಕೆ ಇಟ್ಟು, ಅದರಲ್ಲಿ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ ಬಾಟಲಿ ಇಡಿ. ಮೇಲೆ ಒದ್ದೆ ಬಟ್ಟೆ. ದಿನಕ್ಕೆ ಎರಡು ಸಲ ಮರಳು ನೆನೆಸಿ. ಮಂಜುಗಡ್ಡೆಗೆ ತಾಗಿಸಿ ಇಡಬೇಡಿ, ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಡಾಕ್ಟರ ಹತ್ತಿರ ಒಂದು ಸಲ ಇದನ್ನೆಲ್ಲ ಕೇಳಿ, ಚೀಟಿಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಹೊತ್ತಿಗೆ ಊಟ ಸಿಗದೆ ಶುಗರ್ ಇಳಿದರೆ ಕೊಡಲು ಬೆಲ್ಲ ಅಥವಾ ಸಕ್ಕರೆ ಅವರ ಸೆರಗಿನಲ್ಲೇ ಇರಲಿ.

ನಿಮ್ಮ ಮನೆ ಕಾಳಿ ನದಿಯ ಆಚೆ ಬದಿಗೆ. ಕಾರವಾರದ ದೊಡ್ಡಾಸ್ಪತ್ರೆಗೆ ಬರಬೇಕೆಂದರೆ ಸೇತುವೆ ದಾಟಲೇಬೇಕು. ಹಳೆ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಬಿದ್ದ ಮೇಲೆ ಹೊಸದೊಂದರ ಮೇಲೇ ಎರಡೂ ಕಡೆಯ ಗಾಡಿ ಓಡಾಡಿದ್ದು ನೋಡಿದ್ದೇವೆ. ಜೋರು ಗಾಳಿಯಲ್ಲಿ ಆಂಬುಲೆನ್ಸ್ ದಾಟಬಹುದು ಅಂತ ನಂಬಿಕೊಂಡು ಮನೆಯಲ್ಲಿ ಕೂರುವುದು ನನಗೆ ಸರಿ ಕಾಣುವುದಿಲ್ಲ.

ನೀರು: ಬಾವಿಗೆ ಉಪ್ಪು ನೀರು ಅಥವಾ ಕೊಳೆ ನೀರು ಹೊಕ್ಕಿದರೆ ತಿಂಗಳುಗಟ್ಟಲೆ ಕಷ್ಟ. ಹೊರಡುವ ಮುಂಚೆ ಬಾವಿಗೆ ಟಾರ್ಪಾಲ್ ಮುಚ್ಚಿ ಕಟ್ಟಿ. ಕುಡಿಯಲು ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕ ಹಾಕಿ ಮುಚ್ಚಳ ಇರುವ ಕೊಡಗಳಲ್ಲಿ ತುಂಬಿಡಿ. ಕರೆಂಟ್ ಹೋದರೆ ಪಂಪೂ ಇಲ್ಲ, ರಾಟೆ-ಹಗ್ಗ ಗಟ್ಟಿ ಇದೆಯಾ ನೋಡಿ. ವಾಪಸ್ ಬಂದ ಮೇಲೆ ಕೆಸರು ನೀರಿನಲ್ಲಿ ಬರಿಗಾಲಿನಲ್ಲಿ ಓಡಾಡಬೇಡಿ, ಇಲಿ ಜ್ವರ ಬರುವುದು ಹಾಗೇ. ಕಾಲಿಗೆ ಗಾಯ ಇದ್ದು ನೀರಿಗೆ ಇಳಿದಿದ್ದರೆ, ಆಮೇಲೆ ಜ್ವರ, ಮೈಕೈ ನೋವು ಬಂದರೆ ನೀರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಶುಗರ್ ಇರುವ ಅತ್ತೆಯವರಂತೂ ಆ ನೀರಿಗೆ ಇಳಿಯಲೇಬಾರದು.

ದೇವಿಮನೆ ದಾರಿ:

ನಾನು ಶಿರಸಿಯವನು, ಕುಮಟಾ-ಶಿರಸಿ ದಾರಿಯಲ್ಲಿ ವಾರಕ್ಕೆ ಎರಡು ಸಲ ಗಾಡಿ ಹೊಡೆಯುತ್ತೇನೆ. ಒಂದೇ ಮಾತು. ಶಿರಸಿಗೆ ಹೋಗುವುದಾದರೆ ಹಗಲಿನಲ್ಲಿ, ಮಳೆ ಹಿಡಿಯುವ ಮುಂಚೆ ಘಟ್ಟ ಹತ್ತಿ ಮುಗಿಸಿ. ಮಳೆ ಗಾಳಿ ಶುರುವಾದ ಮೇಲೆ ದೇವಿಮನೆ ಘಟ್ಟವೂ ಬೇಡ, ಅರಬೈಲ್ ಘಟ್ಟವೂ ಬೇಡ. 2021ರ ಜುಲೈಯಲ್ಲಿ ಅರಬೈಲಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದ್ ಆಗಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಘಟ್ಟದ ಮೇಲೂ ಅಲ್ಲ, ಹೆದ್ದಾರಿ 66ರ ಪಕ್ಕದಲ್ಲೇ. ಮಾಜಾಳಿಯಿಂದ ಕುಮಟಾಕ್ಕೆ ಬರಲು ನೀವು ಅದೇ ದಾರಿಯಲ್ಲಿ ಬರಬೇಕು.

ಹೊರಡಲು ತಡವಾದರೆ ಶಿರಸಿ ಮರೆತುಬಿಡಿ. ನಿಮ್ಮ ಊರಿನಲ್ಲೇ ಸಮುದ್ರದಿಂದ ದೂರ ಇರುವ, ಗುಡ್ಡದ ಬುಡದಲ್ಲೂ ಇಲ್ಲದ, ಆರ್‌ಸಿಸಿ ಮನೆ ಇರುವ ನೆಂಟರು ಯಾರಾದರೂ ಇದ್ದಾರಾ? ಇಲ್ಲದಿದ್ದರೆ ಪಂಚಾಯಿತಿಯಲ್ಲಿ ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ ಅಂತ ಈಗಲೇ ಕೇಳಿ, ಅತ್ತೆಯವರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ ತೋರಿಸಿ. ಶೌಚಾಲಯಕ್ಕೆ ಮೆಟ್ಟಿಲು ಎಷ್ಟು, ಮಲಗಲು ಎತ್ತರದ ಜಾಗ ಇದೆಯಾ, ಇದನ್ನೆಲ್ಲ ಮಂಡಿ ನೋವಿನವರು ಮೊದಲೇ ನೋಡಿದರೆ ಅರ್ಧ ಹೆದರಿಕೆ ಹೋಗುತ್ತದೆ. ನನ್ನ ಆಯಿ ಬರಲ್ಲ ಅಂತ ಹಟ ಹಿಡಿದದ್ದು ಮನೆ ಮೇಲಿನ ಆಸೆಗೆ ಅಂತ ನಾವು ತಿಳಿದಿದ್ದೆವು. ಆಮೇಲೆ ಗೊತ್ತಾಯ್ತು, ರಾತ್ರಿ ಎದ್ದು ಹೋಗಬೇಕಾದರೆ ಪರರ ಮನೆಯಲ್ಲಿ ಹೇಗೆ ಅನ್ನುವ ಸಂಕೋಚ ಅದು.

ಫ್ಲೋರಿಡಾದಿಂದ ಸಿದ್ದಾಪುರದವಳು:

ನಾನು ಇರುವಲ್ಲಿ ಇದನ್ನೇ ಹರಿಕೇನ್ ಅನ್ನುತ್ತಾರೆ, ಗಾಳಿ ಗಂಟೆಗೆ 119 ಕಿಲೋಮೀಟರ್ ಮುಟ್ಟಿದ ಮೇಲೆ. ಜೂನ್ 1ರಿಂದ ನವೆಂಬರ್ 30ರವರೆಗೆ ಅದರ ಕಾಲ. ಇಲ್ಲಿ ಪ್ರತಿ ವಿಳಾಸಕ್ಕೂ ಯಾವ ವಲಯ ಅಂತ ಮೊದಲೇ ಗೊತ್ತಿರುತ್ತದೆ. ಸಮುದ್ರದ ನೀರು ನುಗ್ಗುವ ವಲಯದವರನ್ನು ಮೊದಲು ಎಬ್ಬಿಸುತ್ತಾರೆ. ಗಾಳಿಗೆ ಗಟ್ಟಿ ಮನೆಯಲ್ಲಿ, ಕಿಟಕಿ ಇಲ್ಲದ ಒಳಕೋಣೆಯಲ್ಲಿ ಕೂತು ತಪ್ಪಿಸಿಕೊಳ್ಳಬಹುದು, ನೀರಿನಿಂದ ತಪ್ಪಿಸಿಕೊಳ್ಳಲು ಜಾಗ ಬಿಟ್ಟು ಹೋಗಲೇಬೇಕು. ಇದು ಇಲ್ಲಿ ಮಕ್ಕಳಿಗೂ ಗೊತ್ತು. ಅಕ್ಕ, ನೀವು ಇರುವುದು ನೀರಿನ ವಲಯದಲ್ಲಿ, ಹಾಗಾಗಿ ಮಾಡು ಎಷ್ಟೇ ಗಟ್ಟಿ ಮಾಡಿಸಿದರೂ ಹೊರಡುವುದು ತಪ್ಪುವುದಿಲ್ಲ.

ಇನ್ನೊಂದು. ಇಲ್ಲಿ ಬಿರುಗಾಳಿ ಹೋದ ಮೇಲೆ ಮನೆಯೊಳಗೆ ಜನರೇಟರ್ ಹಚ್ಚಿ ಅದರ ಹೊಗೆಗೆ ಜನ ಸಾಯುತ್ತಾರೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟರೂ ಅದೇ ಅಪಾಯ. ದಯವಿಟ್ಟು ನೆನಪಿಡಿ.

ಅಂಕೋಲಾ ಗಂಗಾವಳಿ:

ಕಾಗದ ಪತ್ರ ಯಾರೂ ಹೇಳಲಿಲ್ಲ. ಆಧಾರ್, ರೇಷನ್ ಕಾರ್ಡ್, ಪಹಣಿ, ಮನೆ ತೆರಿಗೆ ರಸೀದಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದೇ ಚೀಲದಲ್ಲಿ ಇಡಿ. ನಮ್ಮ ಮನೆಗೆ 2019ರ ಆಗಸ್ಟ್‌ನಲ್ಲಿ ಹೊಳೆ ನೀರು ಬಂದಾಗ ಅಟ್ಟಕ್ಕೆ ಹಾಕಿದ್ದು ಅಕ್ಕಿ ಚೀಲ. ಕಪಾಟಿನ ಕೆಳಗಿನ ಖಾನೆಯ ಕಾಗದ ನೆನಪಾಗುವ ಹೊತ್ತಿಗೆ ಎಲ್ಲ ಮುದ್ದೆಯಾಗಿತ್ತು. ಮನೆಯ ನಾಲ್ಕೂ ಗೋಡೆ, ಮಾಡು, ಕೊಟ್ಟಿಗೆ ಈಗಲೇ ಫೋಟೋ ತೆಗೆದಿಡಿ. ಹಾನಿಯಾದರೆ ರಿಪೇರಿ ಮಾಡುವ ಮುಂಚೆ ಮತ್ತೆ ತೆಗೆಯಿರಿ, ಪಂಚನಾಮೆಗೆ ಬೇಕಾಗುತ್ತದೆ.

ಜಿಲ್ಲೆಯ ಕಂಟ್ರೋಲ್ ರೂಮ್ 1077, ತುರ್ತಿಗೆ 112, ಸಮುದ್ರದಲ್ಲಿ ಯಾರಾದರೂ ಸಿಕ್ಕಿಬಿದ್ದರೆ ಕೋಸ್ಟ್ ಗಾರ್ಡ್ 1554. ಇದನ್ನು ಮೊಬೈಲಿನಲ್ಲಷ್ಟೇ ಅಲ್ಲ, ಅಡುಗೆಮನೆ ಗೋಡೆಯ ಮೇಲೂ ದೊಡ್ಡದಾಗಿ ಬರೆದಿಡಿ. ಮಗಳಿಗೆ ಅಪ್ಪನ ನಂಬರ್ ಬಾಯಿಪಾಠ ಮಾಡಿಸಿ.

ದನದ ವಿಷಯ. ಕಟ್ಟಿ ಮಾತ್ರ ಬಿಟ್ಟು ಹೋಗಬೇಡಿ. ನಮ್ಮೂರಲ್ಲಿ ಕಣ್ಣಿ ಬಿಚ್ಚದೆ ಹೋದ ಕೊಟ್ಟಿಗೆಗಳಲ್ಲಿ ಏನಾಯ್ತು ಅಂತ ಬರೆಯಲು ಮನಸ್ಸು ಬರುವುದಿಲ್ಲ. ಬಿಚ್ಚಿ ಬಿಟ್ಟರೆ ಅವು ತಾವೇ ಎತ್ತರಕ್ಕೆ ಹೋಗುತ್ತವೆ.

ಮಾಜಾಳಿ ಸೊಸೆ:

ಎಲ್ಲರಿಗೂ ತುಂಬಾ ಧನ್ಯವಾದ. ಹತ್ತು ದಿನ ಆಯ್ತು, ಏನೇನು ಆಯ್ತು ಅಂತ ಹೇಳುತ್ತೇನೆ.

ಮನೆಯವರು ಎರಡು ದಿನ ರಜೆ ಹಾಕಿ ಬಂದರು. ಶೀಟಿಗೆ ಹೊಸ ಬೋಲ್ಟ್ ಆಯ್ತು, ಸೂರಿನ ಎರಡು ಸಾಲಿಗೆ ತಂತಿ ಆಯ್ತು. ಗೆದ್ದಲು ಹಿಡಿದ ಪಕಾಸು ಒಂದು ಸಿಕ್ಕಿತು, ಬದಲಾಯಿಸಿದೆವು. ತೆಂಗಿನ ಮರ ಹತ್ತುವವರು ಮುಂದಿನ ವಾರ ಬರುತ್ತಾರೆ.

ದೇವಿಮನೆ ಅಣ್ಣ, ನಿಮ್ಮ ಆಯಿಯ ಮಾತು ಓದಿದ ಮೇಲೆ ಅತ್ತೆಯ ಹತ್ತಿರ ಹೊರಡೋಣ ಅನ್ನುವ ಮಾತೇ ಎತ್ತಲಿಲ್ಲ. "ಶಿರಸಿ ಮನೆಯಲ್ಲಿ ಬಚ್ಚಲು ಒಳಗೇ ಇದೆ, ಮೆಟ್ಟಿಲು ಇಲ್ಲ, ನೀವು ಮಲಗುವ ಕೋಣೆಯಿಂದ ಆರು ಹೆಜ್ಜೆ" ಅಂತಷ್ಟೇ ಹೇಳಿದೆ. ಅಮ್ಮನಿಗೆ ಫೋನ್ ಮಾಡಿ ಕೊಟ್ಟೆ. ಇಬ್ಬರೂ ಒಂದು ತಾಸು ಮಾತಾಡಿದರು, ಜಾಸ್ತಿ ಉಪ್ಪಿನಕಾಯಿ ಮಿಡಿಯ ಬಗ್ಗೆಯೇ. ಮರುದಿನ ಬೆಳಿಗ್ಗೆ ಅತ್ತೆಯೇ ಕೇಳಿದರು, ದನವನ್ನು ಏನು ಮಾಡುತ್ತೀ ಅಂತ. ಹೆದ್ದಾರಿಯ ಆಚೆ ಎತ್ತರದಲ್ಲಿ ಅವರ ತಮ್ಮನ ಕೊಟ್ಟಿಗೆ ಇದೆ. 48 ತಾಸಿನ ಅಲರ್ಟ್ ಬಂದ ದಿನ ಮೊದಲು ದನ ಕರು ಅಲ್ಲಿಗೆ, ಆಮೇಲೆ ನಾವು ಹೊರಡುವುದು ಅಂತ ಅವರೇ ತೀರ್ಮಾನ ಮಾಡಿದ್ದಾರೆ. ಗಾಡಿಯವರಿಗೆ ಈಗಲೇ ಹೇಳಿಟ್ಟಿದ್ದೇವೆ.

ನರ್ಸಕ್ಕ, ಮಡಕೆ ತಂದೆ. ನಿನ್ನೆ ಮಧ್ಯಾಹ್ನ ಫ್ರಿಜ್ ಆಫ್ ಮಾಡಿ ಖಾಲಿ ಡಬ್ಬಿ ಇಟ್ಟು ನೋಡಿದೆ, ಒಳಗೆ ಕೈ ಹಾಕಿದರೆ ತಣ್ಣಗಿದೆ. ಒಂದು ಅನುಮಾನ: ಮರಳು ನಮ್ಮ ಕಡಲ ದಂಡೆಯದ್ದೇ ಆಗುತ್ತದಾ, ಹೊಳೆ ಮರಳೇ ಬೇಕಾ?

ನರ್ಸಕ್ಕ:

ಯಾವುದಾದರೂ ಆಗುತ್ತದೆ. ಕಡಲಿನದ್ದಾದರೆ ಎರಡು ಮೂರು ಸಲ ಸಿಹಿ ನೀರಿನಲ್ಲಿ ತೊಳೆದು ಹಾಕಿ, ಇಲ್ಲದಿದ್ದರೆ ಮಡಕೆಯ ಮೇಲೆ ಉಪ್ಪು ಕಟ್ಟಿ ನೀರು ಆರುವುದು ಕಡಿಮೆಯಾಗುತ್ತದೆ. ಮಡಕೆಯನ್ನು ಗಾಳಿ ಆಡುವ, ಬಿಸಿಲು ಬೀಳದ ಜಾಗದಲ್ಲಿ ಇಡಿ. ಮುಚ್ಚಿದ ಕಪಾಟಿನಲ್ಲಿ ಬೇಡ.